ಕೊಸರಿಗೆ ಬಂದ ಚಿತ್ರ

ಹಿಂದೂಪುರದ ಸಂತೆಯಲ್ಲಿ ಹುಣಿಸೆಹಣ್ಣು ತೂಗುವವನು ತಕ್ಕಡಿ ಸಮನಾದ ಮೇಲೂ ಇನ್ನೊಂದು ಚೂರನ್ನು ಮೇಲೆ ಹಾಕಿ ಕೊಡುತ್ತಾನೆ. ಕೇಳುವ ಮೊದಲೇ ಹಾಕುವವನು ಒಳ್ಳೆಯ ವ್ಯಾಪಾರಿ. ಕೇಳಿದರೂ ಹಾಕದವನ ಅಂಗಡಿಗೆ ನಮ್ಮ ಮನೆಯ ಹೆಂಗಸರು ಎರಡನೆಯ ಸಲ ಹೋಗುವುದಿಲ್ಲ. ಆ ಚೂರಿಗೆ ಕೊಸರು ಎಂದು ಹೆಸರು. ಫೋಟೋ ಫಿಲ್ಮಿನಲ್ಲಿಯೂ ಕೊಸರು ಉಂಟೆಂಬುದನ್ನು ನಮಗೆ ತೋರಿಸಿಕೊಟ್ಟವರು ಕಲ್ಯಾಣದುರ್ಗದ ಒಬ್ಬ ಮೇಷ್ಟ್ರು; ಈಗ ನಿವೃತ್ತರು, ವಯಸ್ಸು ಎಂಬತ್ತನ್ನು ದಾಟಿದೆ. ಮೂವತ್ತಾರು ಚಿತ್ರಗಳೆಂದು ಡಬ್ಬಿಯ ಮೇಲೆ ಅಚ್ಚಾಗಿರುವ ಸುರುಳಿಯನ್ನು ಅವರು ಎಂದೂ ಬೆಳಕಿನಲ್ಲಿ ಕ್ಯಾಮೆರಾಕ್ಕೆ ತೊಡಿಸಿದವರಲ್ಲ. ಕೋಣೆಯ ಬಾಗಿಲು ಹಾಕಿ, ಕಿಟಕಿಗೆ ಕಂಬಳಿ ಕಟ್ಟಿ, ಕತ್ತಲಲ್ಲಿ ಬೆರಳಿನ ಅಂದಾಜಿನಿಂದಲೇ ಫಿಲ್ಮಿನ ತುದಿಯನ್ನು ಸಿಕ್ಕಿಸಿ ಮುಚ್ಚುತ್ತಿದ್ದರು. ಉಳಿದವರು ಬೆಳಕು ಬಿದ್ದು ಕೆಟ್ಟ ಭಾಗವನ್ನು ದಾಟಿಸಲೆಂದು ಎರಡು ಮೂರು ಸಲ ವ್ಯರ್ಥವಾಗಿ ತಿರುಗಿಸುವ ಜಾಗದಲ್ಲಿ ಅವರಿಗೆ ಒಂದು ಚಿತ್ರ ಉಳಿಯುತ್ತಿದ್ದಿತು. ಹೀಗೆ ಮಿಕ್ಕ ಮೂವತ್ತೇಳನೆಯದೇ ಕೊಸರು. ಗುಡಿಗಾಗಲಿ ಶಾಸನಕ್ಕಾಗಲಿ ಅದನ್ನು ಖರ್ಚು ಮಾಡುವಂತಿರಲಿಲ್ಲ. ಆ ದಿನ ನಮಗೆ ಅನ್ನವಿಕ್ಕಿದ ಮನೆಯವರಿಗೆ ಅದು ಮೀಸಲು.

ಈ ಮಾತು ಈಗ ಏಕೆ ಬಂದಿತೆಂದರೆ, ಕೆಲವು ತಿಂಗಳುಗಳಿಂದ ನಮಗೆ ಬರುವ ಕಾಗದಗಳಲ್ಲಿ ಒಂದೇ ಪ್ರಶ್ನೆ ಬೇರೆಬೇರೆ ರೂಪದಲ್ಲಿ ಕಾಣಿಸುತ್ತಿದೆ. ಮನೆಯ ಅಟ್ಟದಲ್ಲಿ ತಂದೆಯ ಕ್ಯಾಮೆರಾ ಸಿಕ್ಕಿದೆ, ಒಂದು ಪೆಟ್ಟಿಗೆ ಸ್ಲೈಡುಗಳೂ ಇವೆ, ಮಕ್ಕಳು ಅದರಲ್ಲಿ ಮತ್ತೆ ಸ್ಲೈಡು ತೆಗೆಯಬೇಕೆಂದು ಹಟ ಹಿಡಿದಿದ್ದಾರೆ, ಖರ್ಚೆಷ್ಟು ಬಂದೀತು ಎಂಬುದೇ ಆ ಪ್ರಶ್ನೆ. ಖರ್ಚಿನ ಲೆಕ್ಕವನ್ನು ಮೊದಲು ಹೇಳಿಬಿಡೋಣ. 2024ರಲ್ಲಿ ನಾವು ತರಿಸಿದ ಒಂದು ಸುರುಳಿಗೆ 2,400 ರೂಪಾಯಿ ಬಿದ್ದಿತು. ತೊಳೆಸುವುದಕ್ಕೆ 800. ದೂರದ ಪಟ್ಟಣಕ್ಕೆ ಕಳುಹಿಸಿ ಮರಳಿ ತರಿಸುವುದಕ್ಕೆ 250. ಒಟ್ಟು 3,450 ರೂಪಾಯಿ. ಮೂವತ್ತಾರರಿಂದ ಭಾಗಿಸಿದರೆ ಚಿತ್ರವೊಂದಕ್ಕೆ ಸುಮಾರು 96 ರೂಪಾಯಿ. ಇಷ್ಟನ್ನು ಕಾರ್ಡಿನಲ್ಲಿ ಬರೆದು ತಿಳಿಸಬಹುದಾಗಿತ್ತು. ಆದರೆ ಈ ತೊಂಬತ್ತಾರು ರೂಪಾಯಿಯನ್ನು ಯಾವುದರ ಮೇಲೆ ಸುರಿಯಬೇಕೆಂಬ ಪ್ರಶ್ನೆ ಕಾರ್ಡಿನಲ್ಲಿ ಮುಗಿಯುವುದಲ್ಲ. ಆ ವಿಷಯದಲ್ಲಿ ನಾವೇ ನಲವತ್ತು ವರ್ಷ ತಪ್ಪು ದಾರಿಯಲ್ಲಿದ್ದೆವೆಂದು ನಮಗೆ ಈಚೆಗೆ ಅನ್ನಿಸತೊಡಗಿದೆ.

ಸ್ಲೈಡು ಎಂದರೇನೆಂಬುದನ್ನು ಎಳೆಯರಿಗಾಗಿ ಎರಡು ಮಾತಿನಲ್ಲಿ ಹೇಳಬೇಕು. ಸಾಮಾನ್ಯ ಫಿಲ್ಮಿನಲ್ಲಿ ಮೊದಲು ನೆಗೆಟಿವ್ ಬರುತ್ತದೆ, ಅದರಿಂದ ಕಾಗದದ ಮೇಲೆ ಎಷ್ಟು ಪ್ರತಿಗಳನ್ನಾದರೂ ತೆಗೆಸಬಹುದು. ಸ್ಲೈಡು ಫಿಲ್ಮಿನಲ್ಲಿ ಹಾಗಲ್ಲ. ಕ್ಯಾಮೆರಾದ ಒಳಗೆ ಕುಳಿತು ಬೆಳಕನ್ನು ಕಂಡ ಫಿಲ್ಮೇ ತೊಳೆದ ಮೇಲೆ ನೇರವಾದ ಬಣ್ಣದ ಚಿತ್ರವಾಗುತ್ತದೆ. ಅದನ್ನು ತುಂಡರಿಸಿ ಎರಡು ಅಂಗುಲದ ಚೌಕಟ್ಟಿಗೆ ಸೇರಿಸಿ ಪ್ರೊಜೆಕ್ಟರಿನಲ್ಲಿ ಇಟ್ಟರೆ ಗೋಡೆಯಷ್ಟು ದೊಡ್ಡದಾಗಿ ಬೀಳುತ್ತದೆ. ಇರುವುದು ಒಂದೇ ಮೂಲ. ಅದು ಹೋದರೆ ಹೋಯಿತು. ಬಣ್ಣದ ಮುಖಪುಟಕ್ಕೆ ಪತ್ರಿಕೆಯವರು ಕೇಳುತ್ತಿದ್ದುದು ಇದನ್ನೇ, ಪಾರದರ್ಶಿಕೆ ಎಂಬ ದೊಡ್ಡ ಹೆಸರಿನಿಂದ. ಹಳ್ಳಿಯವರಿಗೆ ಮಾತ್ರ ಸ್ಲೈಡೆಂದರೆ ಟಾಕೀಸಿನಲ್ಲಿ ಆಟ ಶುರುವಾಗುವ ಮೊದಲು ತೋರಿಸುತ್ತಿದ್ದ ಸೀರೆ ಅಂಗಡಿಯ ಜಾಹೀರಾತು. ಮೇಷ್ಟ್ರು ತಮ್ಮ ಪ್ರೊಜೆಕ್ಟರನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಊರಿಗೆ ಬಂದರೆ ಹುಡುಗರು ‘ಆಟ ಯಾವುದು ಸಾರ್?’ ಎಂದೇ ಕೇಳುತ್ತಿದ್ದರು.

ಮೇಷ್ಟ್ರು ಸ್ಲೈಡು ತೆಗೆಯತೊಡಗಿದುದು 1979ರಲ್ಲಿ. 1981ರಿಂದ ನಾವು ಅವರ ಚೀಲ ಹೊರುವವರಾಗಿ ಜೊತೆಗೂಡಿದೆವು. ಹಿಂದೂಪುರಕ್ಕೆ ಸಮೀಪದ ಲೇಪಾಕ್ಷಿ, ಮಡಕಶಿರಾ ಸೀಮೆಯ ಹೇಮಾವತಿ, ಕಲ್ಯಾಣದುರ್ಗದ ನೆರೆಯ ಕಂಬದೂರು, ಇವೇ ನಮ್ಮ ಸುತ್ತಾಟದ ಎಲ್ಲೆಗಳು. ಹೇಮಾವತಿ ಒಂದು ಕಾಲಕ್ಕೆ ಹೆಂಜೇರು ಎಂಬ ಹೆಸರಿನ ನೊಳಂಬರ ರಾಜಧಾನಿ. ಅಲ್ಲಿಯ ಕರಿಗಲ್ಲಿನ ಕೆಲಸದ ಕೆಲವು ಒಳ್ಳೆಯ ಮಾದರಿಗಳನ್ನು ನೋಡಬೇಕಾದರೆ ಈಗ ಚೆನ್ನೈನ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. 1953ರಲ್ಲಿ ಆಂಧ್ರ ರಾಜ್ಯವಾದಾಗ ಗಡಿಯ ಈಚೆಗೆ ಉಳಿದ ನಮ್ಮ ಮಕ್ಕಳಿಗೆ, ಮನೆಯ ಹಿಂದಿನ ಬಂಡೆಯ ಮೇಲಿರುವ ಅಕ್ಷರ ತಮ್ಮ ಮನೆಮಾತಿನದೇ ಎಂಬುದನ್ನು ಕಣ್ಣಾರೆ ತೋರಿಸಬೇಕೆಂಬುದು ಮೇಷ್ಟ್ರ ಹಂಬಲವಾಗಿತ್ತು. ಅದಕ್ಕಾಗಿ ಸುಣ್ಣ ಬಳಿದ ಗೋಡೆ, ಗೋಡೆಯಿಲ್ಲದ ಕಡೆ ಒಗೆದ ಪಂಚೆ. ಕರೆಂಟು ಬಂದಾಗ ಆಟ, ಹೋದಾಗ ಮೇಷ್ಟ್ರ ಉಪನ್ಯಾಸ. ಜನ ಕರೆಂಟಿಗಾಗಿ ದೇವರನ್ನು ಪ್ರಾರ್ಥಿಸುತ್ತಿದ್ದುದರಲ್ಲಿ ಆಶ್ಚರ್ಯವಿಲ್ಲ.

ಆಗಲೂ ಫಿಲ್ಮು ಅಗ್ಗವಾಗಿರಲಿಲ್ಲ. ಊಟಿಯಲ್ಲಿ 1960ರಲ್ಲಿ ಸ್ಥಾಪಿತವಾದ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್ ಸಂಸ್ಥೆಯ ‘ಇಂದು’ ಫಿಲ್ಮು ಕಪ್ಪುಬಿಳುಪಿನದು. ಬಣ್ಣದ ಸ್ಲೈಡಿಗೆ ನಾವು ಹೊರದೇಶವನ್ನೇ ನಂಬಬೇಕಾಗಿತ್ತು, ಹೊರದೇಶದಿಂದ ಬಂದ ಸರಕಿಗೆ ಸುಂಕವೂ ಭಾರಿಯಾಗಿತ್ತು. ನಮ್ಮಂತಹವರ ಕೈಗೆ ಎಟುಕಿದುದು ಪೂರ್ವ ಜರ್ಮನಿಯ ವೋಲ್ಫೆನ್ ಪಟ್ಟಣದ ಓರ್ವೋ ಫಿಲ್ಮು. ಆ ದೇಶದೊಡನೆ ಭಾರತದ ವ್ಯಾಪಾರ ರೂಪಾಯಿಯಲ್ಲಿಯೇ ನಡೆಯುತ್ತಿದ್ದುದರಿಂದ ಡಾಲರಿನ ಹಂಗಿಲ್ಲದೆ ಅದು ನಮ್ಮ ಪೇಟೆಗಳಿಗೆ ಬರುತ್ತಿದ್ದಿತು. ಅದೇ ವೋಲ್ಫೆನ್ನಿನ ಕಾರ್ಖಾನೆಯಲ್ಲಿ 1936ರಷ್ಟು ಹಿಂದೆಯೇ ಆಗ್ಫಾದವರು ಬಣ್ಣದ ಸ್ಲೈಡು ಫಿಲ್ಮನ್ನು ತಯಾರಿಸಿದ್ದರೆಂಬುದು ನಮಗೆ ಆಗ ಗೊತ್ತಿರಲಿಲ್ಲ. ನಮಗೆ ಅದು ಬಡವರ ಫಿಲ್ಮು, ಅಷ್ಟೆ. ಕೊಡಕ್ ಕಂಪನಿಯ ಹಳದಿ ಡಬ್ಬಿ ನೆಂಟರು ಯಾರಾದರೂ ವಿದೇಶದಿಂದ ಬಂದಾಗ ಮಾತ್ರ ಕಾಣುವ ವಸ್ತು. ಸ್ಲೈಡು ಫಿಲ್ಮು ಕೊಂಡ ತಿಂಗಳು ನಮ್ಮ ಮನೆಯಲ್ಲಿ ಕಾಫಿ ತಿಳಿಯಾಗುತ್ತಿದ್ದಿತು. ಇದನ್ನು ನಮ್ಮ ಮನೆಯವರು ಇಂದಿಗೂ ಮರೆತಿಲ್ಲ.

ಬೆಲೆ ಏರಲು ಕಾರಣಗಳು ಒಂದೊಂದು ಕಾಲಕ್ಕೆ ಒಂದೊಂದು. ಫಿಲ್ಮಿನ ಜೀವ ಬೆಳ್ಳಿಯ ಲವಣದಲ್ಲಿದೆ. 1979ರ ಆರಂಭದಲ್ಲಿ ಔನ್ಸಿಗೆ ಸುಮಾರು 6 ಡಾಲರ್ ಇದ್ದ ಬೆಳ್ಳಿ 1980ರ ಜನವರಿಯಲ್ಲಿ 50 ಡಾಲರಿನ ಸಮೀಪಕ್ಕೆ ಹಾರಿತು. ಅಮೆರಿಕದ ಟೆಕ್ಸಾಸಿನ ಹಂಟ್ ಸಹೋದರರು ಬೆಳ್ಳಿಯನ್ನು ರಾಶಿ ಹಾಕಿಕೊಂಡುದೇ ಅದಕ್ಕೆ ಮುಖ್ಯ ಕಾರಣವೆಂದು ಹೇಳುತ್ತಾರೆ. ಫಿಲ್ಮು ಮಾಡುವವರು ಬೆಲೆ ಏರಿಸಿದರು. ಮಾರ್ಚಿನಲ್ಲಿ ಬೆಳ್ಳಿ ಕುಸಿದು ಬಿದ್ದಿತು. ನಮ್ಮ ಪೇಟೆಯ ಅಂಗಡಿಯಲ್ಲಿ ಮಾತ್ರ ಏರಿದ ಬೆಲೆ ಅಲ್ಲಿಯೇ ನಿಂತಿತು. ಅಂಗಡಿಯವರು ಏರುವ ಸುದ್ದಿಯನ್ನು ಕೇಳುವಷ್ಟು ಚುರುಕಾಗಿ ಇಳಿಯುವ ಸುದ್ದಿಯನ್ನು ಕೇಳುವುದಿಲ್ಲವಷ್ಟೆ. ಆಮೇಲೆ 1990ರ ಅಕ್ಟೋಬರಿನಲ್ಲಿ ಎರಡು ಜರ್ಮನಿಗಳು ಒಂದಾದವು. ಜಗತ್ತೆಲ್ಲ ಸಂತೋಷಪಟ್ಟ ಆ ಘಟನೆಯಿಂದ ಕಲ್ಯಾಣದುರ್ಗದಲ್ಲಿ ಒಬ್ಬ ಮೇಷ್ಟ್ರಿಗೆ ನಷ್ಟವಾಯಿತು. ರೂಪಾಯಿಗೆ ಸಿಗುತ್ತಿದ್ದ ಫಿಲ್ಮು ಪೇಟೆಯಿಂದ ಮಾಯವಾಯಿತು, ವೋಲ್ಫೆನ್ನಿನ ಹಳೆಯ ಕಾರ್ಖಾನೆಯೂ 1994ರ ಹೊತ್ತಿಗೆ ನಿಂತುಹೋಯಿತು. 1991ರ ಜುಲೈ ತಿಂಗಳಲ್ಲಿ ಎರಡು ಕಂತಿನಲ್ಲಿ ರೂಪಾಯಿಯ ಮೌಲ್ಯವನ್ನು ಇಳಿಸಿದಾಗ ಉಳಿದ ವಿದೇಶಿ ಫಿಲ್ಮುಗಳೂ ನಮ್ಮಿಂದ ಇನ್ನಷ್ಟು ದೂರ ಸರಿದವು.

ಬೆಲೆಯೊಂದೇ ಆಗಿದ್ದರೆ ತಾಳಿಕೊಳ್ಳಬಹುದಾಗಿತ್ತು. ಸ್ಲೈಡು ಫಿಲ್ಮು ತಪ್ಪನ್ನು ಕ್ಷಮಿಸುವುದಿಲ್ಲ. ಬೆಳಕಿನ ಅಳತೆ ಅರ್ಧ ಸ್ಟಾಪಿನಷ್ಟು ತಪ್ಪಿದರೂ ಚಿತ್ರ ಪೇಲವವಾಗುತ್ತದೆ ಇಲ್ಲವೆ ಕತ್ತಲೆಯಾಗುತ್ತದೆ. ಲೇಪಾಕ್ಷಿಯ ವೀರಭದ್ರನ ಗುಡಿಯನ್ನು ನೋಡಿದವರಿಗೆ ಗೊತ್ತು, ಅಚ್ಯುತದೇವರಾಯನ ಕಾಲದ ಆ ಮಾಳಿಗೆಯ ಚಿತ್ರಗಳಲ್ಲಿ ಕಾವಿ, ಕೆಂಪು, ಹಸಿರು, ಕಪ್ಪು, ಬಿಳುಪುಗಳ ಮೇಳ ಹೇಗಿದೆಯೆಂಬುದು; ಅಲ್ಲಿ ಕಾಣುವ ಸೀರೆಯ ಅಂಚುಗಳನ್ನು ನೋಡಿ ನೇಯ್ಗೆಯವರು ಇಂದಿಗೂ ಮಾದರಿ ತೆಗೆದುಕೊಳ್ಳುತ್ತಾರೆ. ಆದರೆ ಮಂಟಪದ ಒಳಗೆ ಬೆಳಕು ಕಡಿಮೆ. ನೂರು ವೇಗದ ಫಿಲ್ಮಿಗೆ ಅರ್ಧ ಸೆಕೆಂಡು, ಒಮ್ಮೊಮ್ಮೆ ಒಂದು ಸೆಕೆಂಡು ತೆರೆದಿಡಬೇಕು. ಮೇಷ್ಟ್ರು ಮಡಿಸಿದ ಟವೆಲಿನ ಮೇಲೆ ಕ್ಯಾಮೆರಾವನ್ನು ಮೇಲ್ಮುಖವಾಗಿ ಕೂರಿಸಿ, ತಾವು ಪಕ್ಕದಲ್ಲಿ ನೆಲದ ಮೇಲೆ ಮಲಗಿ, ಉಸಿರು ಬಿಗಿಹಿಡಿದು ತಂತಿಯ ಗುಂಡಿಯನ್ನು ಒತ್ತುತ್ತಿದ್ದರು. ಅಳತೆಯ ಮೇಲೆ ಪೂರ್ಣ ನಂಬಿಕೆಯಿಲ್ಲದುದರಿಂದ ಒಂದೇ ನೋಟಕ್ಕೆ ಮೂರು ಚಿತ್ರ: ಒಂದು ಸರಿಯೆಂದು ತೋರಿದ್ದು, ಒಂದು ಸ್ವಲ್ಪ ಹೆಚ್ಚು, ಒಂದು ಸ್ವಲ್ಪ ಕಡಿಮೆ. ಮೂವತ್ತಾರರ ಸುರುಳಿ ಹನ್ನೆರಡಕ್ಕೆ ಇಳಿಯುತ್ತಿದ್ದಿತು. 2024ರ ಬೆಲೆಯಲ್ಲಿ ಈ ಲೆಕ್ಕ ಹಿಡಿದರೆ ಕಿರಾತಾರ್ಜುನೀಯದ ಒಂದೇ ಒಂದು ನೋಟಕ್ಕೆ 288 ರೂಪಾಯಿ. ಉದ್ಯೋಗ ಖಾತರಿ ಯೋಜನೆಯಲ್ಲಿ 2024-25ನೆಯ ವರ್ಷಕ್ಕೆ ನಮ್ಮ ಆಂಧ್ರಪ್ರದೇಶಕ್ಕೆ ಗೊತ್ತುಮಾಡಿದ ದಿನಗೂಲಿ 300 ರೂಪಾಯಿ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ತೆಗೆದ ಮೇಲೆ ತೊಳೆಸುವ ಕಷ್ಟ ಬೇರೆ. 1970ರ ದಶಕದ ಉತ್ತರಾರ್ಧದಲ್ಲಿ ಬಂದ ಇ-6 ಎಂಬ ಕ್ರಮವೇ ಇಂದಿಗೂ ನಡೆದಿದೆ. ಪೂರ್ಣ ಕ್ರಮದಲ್ಲಿ, ನೀರಿನ ತೊಳೆತಗಳನ್ನು ಬಿಟ್ಟು, ಏಳು ದ್ರಾವಣಗಳು. ಮೊದಲನೆಯದರಲ್ಲಿ 38 ಡಿಗ್ರಿ ಬಿಸಿಯಲ್ಲಿ ಆರು ನಿಮಿಷ. ಬಿಸಿ ಸ್ವಲ್ಪ ಏರಿಳಿದರೂ ಬಣ್ಣ ಕೆಡುತ್ತದೆ. ನಮ್ಮ ಸೀಮೆಯ ಬೇಸಿಗೆಯಲ್ಲಿ ಕೊಳಾಯಿಯ ನೀರೇ ಅಷ್ಟು ಬಿಸಿಯಾಗಿ ಬರುತ್ತದೆಂದು ಮೇಷ್ಟ್ರು ತಮಾಷೆ ಮಾಡುತ್ತಿದ್ದರು. ಬಣ್ಣದ ನೆಗೆಟಿವ್ ತೊಳೆಯುವ ಯಂತ್ರಗಳು ಊರೂರಿಗೆ ಬಂದ ಕಾಲದಲ್ಲಿ, 1994ರಲ್ಲಿ, ನಾವು ಹೇಮಾವತಿಯ ಒಂದು ಪೂರ್ತಿ ಸುರುಳಿಯನ್ನು ಅಂತಹ ಒಂದು ಕಡೆ ಕೊಟ್ಟೆವು. ಡಬ್ಬಿಯ ಮೇಲೆ ಸ್ಲೈಡು ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದರೂ ಅವರು ಅದನ್ನು ನೆಗೆಟಿವಿನ ದ್ರಾವಣದಲ್ಲಿಯೇ ಅದ್ದಿಬಿಟ್ಟರು. ದೊಡ್ಡೇಶ್ವರನ ಗುಡಿಯ ಜಾಲಂಧ್ರಗಳು ನೀಲಿಯೂ ಅಲ್ಲದ ಹಸಿರೂ ಅಲ್ಲದ ಒಂದು ವಿಚಿತ್ರ ಬಣ್ಣದಲ್ಲಿ ತಲೆಕೆಳಗಾಗಿ ಬಂದವು. ಮೇಷ್ಟ್ರು ಅಂಗಡಿಯಲ್ಲಿ ಒಂದು ಮಾತೂ ಆಡಲಿಲ್ಲ. ಬಸ್ಸಿನಲ್ಲಿ ಮಡಕಶಿರಾ ದಾಟಿದ ಮೇಲೆ, ‘ಆ ಊಟದ ಮನೆಯವರ ಕೊಸರೂ ಹೋಯ್ತಲ್ಲಪ್ಪ’ ಎಂದರು. ಶಿಲ್ಪಗಳು ಹೋದುದನ್ನು ಕುರಿತು ಅವರು ಏನನ್ನೂ ಹೇಳಲಿಲ್ಲ. ನಮಗೆ ಆಗ ಅದು ವಿಚಿತ್ರವಾಗಿ ತೋರಿತು.

ಮುಂದಿನ ಕಥೆ ಜಗತ್ತಿನ ಕಥೆ. ಡಿಜಿಟಲ್ ಕ್ಯಾಮೆರಾಗಳು ಬಂದವು. ಕೊಡಕ್ ಕಂಪನಿ 2004ರಲ್ಲಿ ಸ್ಲೈಡು ಪ್ರೊಜೆಕ್ಟರುಗಳ ತಯಾರಿಕೆಯನ್ನು ನಿಲ್ಲಿಸಿತು. 1935ರಲ್ಲಿ ಹುಟ್ಟಿದ ಕೊಡಕ್ರೋಮ್ ಫಿಲ್ಮು ನಿಲ್ಲುವುದೆಂದು 2009ರಲ್ಲಿ ಸಾರಿದರು. ಅದನ್ನು ತೊಳೆಯುತ್ತಿದ್ದ ಜಗತ್ತಿನ ಕಟ್ಟಕಡೆಯ ಪ್ರಯೋಗಶಾಲೆ, ಅಮೆರಿಕದ ಕಾನ್ಸಾಸ್ ಸಂಸ್ಥಾನದ ಪಾರ್ಸನ್ಸ್ ಎಂಬ ಸಣ್ಣ ಪಟ್ಟಣದ್ದು, 2010ರ ಡಿಸೆಂಬರ್ 30ರವರೆಗೆ ಬಂದ ಸುರುಳಿಗಳನ್ನು ಮಾತ್ರ ತೆಗೆದುಕೊಂಡಿತು. ಕಾರ್ಖಾನೆಯಿಂದ ಹೊರಬಂದ ಕೊನೆಯ ಸುರುಳಿಯನ್ನು ಸ್ಟೀವ್ ಮೆಕರಿ ಎಂಬ ಪ್ರಸಿದ್ಧ ಛಾಯಾಗ್ರಾಹಕರ ಕೈಗೆ ಕೊಟ್ಟರು. ಮೂವತ್ತಾರು ಚಿತ್ರಗಳನ್ನು ಎಲ್ಲಿ ಖರ್ಚು ಮಾಡಬೇಕೆಂದು ಯೋಚಿಸಿ ಆತ ನ್ಯೂಯಾರ್ಕಿನಿಂದ ಭಾರತಕ್ಕೆ ಬಂದು, ಮುಂಬಯಿಯ ಸಿನಿಮಾ ಜನರನ್ನೂ ರಾಜಸ್ಥಾನದ ರಬಾರಿ ಪಶುಪಾಲಕರನ್ನೂ ತೆಗೆದನು. ಗಮನಿಸಿ, ತೆಗೆದುದರಲ್ಲಿ ಬಹುಪಾಲು ಮನುಷ್ಯರ ಮುಖಗಳು. ಅದೇ ಕಂಪನಿಯ ಎಕ್ಟಾಕ್ರೋಮ್ 2012ರಲ್ಲಿ ನಿಂತಿತು, ಕೇಳುವವರು ಮತ್ತೆ ಹುಟ್ಟಿಕೊಂಡುದರಿಂದ 2018ರಲ್ಲಿ ಮರಳಿ ಬಂದಿತು. ಜಪಾನಿನ ಫ್ಯೂಜಿಯವರ ವೆಲ್ವಿಯಾ, ಪ್ರೋವಿಯಾಗಳ ಹೆಸರೂ ಓದುಗರಲ್ಲಿ ಕೆಲವರಿಗೆ ಗೊತ್ತಿರಬಹುದು.

ಮರಳಿ ಬಂದರೂ ಹಳೆಯ ಬೆಲೆಗೆ ಬರಲಿಲ್ಲ. ಬರುವುದು ಸಾಧ್ಯವೂ ಇಲ್ಲ. ಒಂದರ ಮೇಲೊಂದಾಗಿ ಹತ್ತಾರು ತೆಳುಪದರಗಳನ್ನು ಗಾಢಾಂಧಕಾರದಲ್ಲಿ ಬಳಿಯುವ ಆ ಯಂತ್ರಗಳು ಜಗತ್ತೆಲ್ಲ ಫಿಲ್ಮು ಕೊಳ್ಳುತ್ತಿದ್ದ ಕಾಲದ ಅಳತೆಗೆ ಕಟ್ಟಿದವು. ಮದುವೆಯ ಮನೆಯ ದೊಡ್ಡ ಹಂಡೆಯಲ್ಲಿ ನಾಲ್ಕು ಜನಕ್ಕೆ ಅಡುಗೆ ಮಾಡಿದಂತೆ. ಸೌದೆಯ ಖರ್ಚು ಕಡಿಮೆಯಾಗುವುದಿಲ್ಲ, ಉಣ್ಣುವವರು ಕಡಿಮೆಯಾದರೆ ತಲೆಗೆ ಬೀಳುವ ಪಾಲು ಏರುತ್ತದೆ. ತೊಳೆಯುವವರ ಗತಿಯೂ ಅದೇ. ದ್ರಾವಣವನ್ನು ಕಲಸಿದ ಮೇಲೆ ಸುರುಳಿಗಳು ಬರಲಿ ಬಾರದಿರಲಿ ಅದು ಗಾಳಿ ತಗುಲಿ ಕೆಡುತ್ತದೆ. ಆದುದರಿಂದ ಸಾಕಷ್ಟು ಸುರುಳಿಗಳು ಕೂಡುವವರೆಗೆ ನಮ್ಮದನ್ನು ವಾರಗಟ್ಟಲೆ ಕಾಯಿಸುತ್ತಾರೆ. ಇದಕ್ಕೆ ಡಾಲರಿನ ಏರಿಕೆ ಸೇರುತ್ತದೆ, ತೆರಿಗೆ ಸೇರುತ್ತದೆ. ಇದರಲ್ಲಿ ಯಾರನ್ನೂ ಬೈಯುವಂತಿಲ್ಲ. ಬೈಯಲು ಯಾರೂ ಸಿಗದ ಬೆಲೆಯೇರಿಕೆ ಬಹಳ ಬೇಸರದ್ದು.

ಇನ್ನು ನಮ್ಮ ವಿಷಯಕ್ಕೆ ಬರುತ್ತೇವೆ. 2024ರ ದೀಪಾವಳಿಯ ಹೊತ್ತಿಗೆ ಹಿಂದೂಪುರದ ಮತ್ತು ಕಲ್ಯಾಣದುರ್ಗದ ಐದಾರು ಮನೆಗಳವರು ಸೇರಿ 16,500 ರೂಪಾಯಿ ಕೂಡಿಸಿದೆವು. ಉದ್ದೇಶ, ಲೇಪಾಕ್ಷಿಯನ್ನೂ ಹೇಮಾವತಿಯನ್ನೂ ಇನ್ನೊಮ್ಮೆ ಸ್ಲೈಡಿನಲ್ಲಿ ತೆಗೆಯುವುದು. ಅದೇ ಹಣಕ್ಕೆ ಇನ್ನೊಂದು ಹಕ್ಕುದಾರನೂ ಇದ್ದನು. ಮೇಷ್ಟ್ರ ಮನೆಯಲ್ಲಿ 640 ಹಳೆಯ ಸ್ಲೈಡುಗಳಿದ್ದವು. ಒಂದಕ್ಕೆ 20 ರೂಪಾಯಿಯಂತೆ ಅವುಗಳ ಡಿಜಿಟಲ್ ಪ್ರತಿ ಮಾಡಿಕೊಡುತ್ತೇವೆಂದು ಒಬ್ಬರು ಒಪ್ಪಿದ್ದರು. ಒಟ್ಟು 12,800. ಎರಡೂ ಆಗುವಂತಿರಲಿಲ್ಲ. ಹೊಸದಕ್ಕೇ ಹಾಕಿದರೆ ನಾಲ್ಕು ಸುರುಳಿ, ಎಂದರೆ 144 ಚಿತ್ರ. ಮಾಳಿಗೆಯ ಕೆಳಗಾದರೆ ನಲವತ್ತೆಂಟೇ ನೋಟ. ನಮ್ಮ ಪೈಕಿ ಕಿರಿಯನೊಬ್ಬನು ಹೊಸದರ ಪರವಾಗಿ ಚೆನ್ನಾಗಿಯೇ ವಾದಿಸಿದನು. ಫೋನಿನಲ್ಲಿ ತೆಗೆದ ತನ್ನ ಮದುವೆಯ ನಿಶ್ಚಿತಾರ್ಥದ ಚಿತ್ರಗಳು ಫೋನಿನೊಂದಿಗೇ ಹೋದವು, ಮೇಷ್ಟ್ರ ಸ್ಲೈಡು ಮಾತ್ರ ನಲವತ್ತು ವರ್ಷ ಉಳಿದಿದೆಯಲ್ಲ ಎಂದನು. ಈ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಈಗಲೂ ಇಲ್ಲ.

ತೀರ್ಮಾನಕ್ಕೆ ಮೊದಲು ಹಳೆಯವನ್ನು ಒಮ್ಮೆ ನೋಡಿಯೇ ಬಿಡೋಣವೆಂದು ಒಂದು ಭಾನುವಾರ ಕಲ್ಯಾಣದುರ್ಗದಲ್ಲಿ ಸೇರಿದೆವು. ಕೆಲವು ಸ್ಲೈಡುಗಳು ಕೆಂಪಿಗೆ ತಿರುಗಿದ್ದವು. ಬೂಷ್ಟು ಮಾತ್ರ ಅಷ್ಟಾಗಿ ಹಿಡಿದಿರಲಿಲ್ಲ; ದೇಶದಲ್ಲಿಯೇ ಅತಿ ಕಡಿಮೆ ಮಳೆಯ ಸೀಮೆಗಳಲ್ಲಿ ಒಂದಾದ ಅನಂತಪುರದ ಬರವು ನಮಗೆ ಮಾಡಿದ ಉಪಕಾರ ಇದೊಂದೇ ಇರಬೇಕು. ಒಂದೊಂದಾಗಿ ಗೋಡೆಯ ಮೇಲೆ ಬಂದವು. ಲೇಪಾಕ್ಷಿಯ ಏಕಶಿಲೆಯ ಬಸವಣ್ಣ ಹನ್ನೊಂದು ಸಲ ಬಂದನು. ಹನ್ನೊಂದನೆಯ ಸಲ ಹುಡುಗರು ಆಕಳಿಸಿದರು. ವೀರಾಪುರದ ಹುಣಿಸೆಮರಗಳಲ್ಲಿ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳಿಗೆಂದು ಒಂದು ಸುರುಳಿಯೇ ಹೋಗಿತ್ತು. ಬಹುಪಾಲಿನಲ್ಲಿ ಹಕ್ಕಿ ಹಾರಿಹೋಗಿ ಆಕಾಶ ಮಾತ್ರ ಉಳಿದಿದೆ. ಇವೆಲ್ಲವನ್ನೂ ಇಂದು ಯಾರು ಬೇಕಾದರೂ ಫೋನಿನಲ್ಲಿಯೇ ಇದಕ್ಕಿಂತ ಚೆನ್ನಾಗಿ ನೋಡಬಹುದು. ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ 2022ರಲ್ಲಿ ಸೇರಿದ ಗುಡಿಗೆ ಚಿತ್ರ ತೆಗೆಯುವವರ ಬರವೇನು?

ನಡುವೆ ಒಂದು ಕೊಸರು ಬಂದಿತು. ಮಣ್ಣಿನ ಗೋಡೆ, ಹೊಸ್ತಿಲ ಮೇಲೆ ಮೊರ ಹಿಡಿದು ನಿಂತ ಒಬ್ಬ ಹೆಂಗಸು, ಗಿಣಿಹಸಿರು ಸೀರೆ, ಅದಕ್ಕೆ ಕೆಂಪಂಚು. ಕೋಣೆಯ ಹಿಂದಿನ ಸಾಲಿನಿಂದ ನಮ್ಮ ಪರಿಚಯದ ಗೃಹಿಣಿಯೊಬ್ಬರು ಎದ್ದು ಗೋಡೆಯ ಹತ್ತಿರಕ್ಕೆ ಬಂದರು. ಅವರ ತೌರು ಕಂಬದೂರಿನ ಕಡೆಯ ಹಳ್ಳಿ. ‘ಇದು ನಮ್ಮಮ್ಮ. ಆ ಸೀರೆ ನಂಗೆ ಗೊತ್ತು’ ಎಂದರು. ತಾಯಿ ತೀರಿಕೊಂಡಾಗ ಅವರಿಗೆ ಒಂಬತ್ತು ವರ್ಷ. ಮನೆಯಲ್ಲಿದ್ದುದು ಕಪ್ಪುಬಿಳುಪಿನ ಒಂದು ಚಿಕ್ಕ ಚಿತ್ರ, ಅದೂ ಗುಂಪಿನಿಂದ ಕತ್ತರಿಸಿ ದೊಡ್ಡದು ಮಾಡಿಸಿದ್ದು. ಸೀರೆಯ ಬಣ್ಣ ಹಸಿರೋ ನೀಲಿಯೋ ಎಂದು ಅಕ್ಕತಂಗಿಯರ ನಡುವೆ ಇಷ್ಟು ವರ್ಷ ವಾದವಿದ್ದಿತಂತೆ. ಪ್ರೊಜೆಕ್ಟರಿನ ಬಿಸಿಗೆ ಸ್ಲೈಡು ಬೇಗ ಮಾಸುವುದೆಂದು ನಿಮಿಷಕ್ಕಿಂತ ಹೆಚ್ಚು ನಿಲ್ಲಿಸುವುದು ಮೇಷ್ಟ್ರ ಪದ್ಧತಿಯಲ್ಲ. ಅಂದು ಅವರು ಗುಂಡಿಯನ್ನು ಒತ್ತದೆ ಸುಮ್ಮನೆ ಕುಳಿತಿದ್ದರು. ಆಕೆಯೇ ಕೊನೆಗೆ, ‘ಮುಂದಿಂದು ಹಾಕ್ರಿ ಮೇಷ್ಟ್ರೇ’ ಎಂದು ಹಿಂದಕ್ಕೆ ಹೋಗಿ ಕುಳಿತರು.

ಆಮೇಲೆ ಎಣಿಸಿದೆವು. 640ರಲ್ಲಿ ಇಂತಹ ಮನೆಮಂದಿಯ ಚಿತ್ರಗಳು ಹದಿನಾಲ್ಕು. ಫಿಲ್ಮು ದುಬಾರಿಯೆಂಬ ಕಾರಣಕ್ಕೆ ನಾವು ಅದನ್ನು ಶಾಶ್ವತವಾದುದಕ್ಕೆ ಮಾತ್ರ ಮೀಸಲಿಟ್ಟಿದ್ದೆವು. ಕಲ್ಲು ತನ್ನಷ್ಟಕ್ಕೆ ತಾನೇ ಉಳಿಯಿತು. ಉಳಿಯದೆ ಹೋದವರಿಗೆ ನಾವು ಕೊಟ್ಟದ್ದು ಕೊಸರನ್ನು. ಶಾಸನಗಳನ್ನು ತೆಗೆದುದು ತಪ್ಪೆಂದು ನಮ್ಮ ಅಭಿಪ್ರಾಯವಲ್ಲ. ಅವನ್ನು ನೋಡಿಯೇ ನಮ್ಮ ಮಕ್ಕಳಲ್ಲಿ ಕೆಲವರು ಹಳಗನ್ನಡದ ಲಿಪಿಯನ್ನು ಕಲಿತರು. ಆದರೆ ಬಸವಣ್ಣನ ಹನ್ನೊಂದರಲ್ಲಿ ಹತ್ತನ್ನು ಆ ಹೊಸ್ತಿಲಿನವರಿಗೆ ಕೊಡಬಹುದಾಗಿತ್ತು. ಮೇಷ್ಟ್ರನ್ನು ಕೇಳಿದಾಗ ಅವರು, ‘ಹೊಸದು ಆಮ್ಯಾಕೆ. ಇದನ್ನ ಮೊದಲು ಉಳಿಸ್ಕೊಳ್ಳಿ’ ಎಂದರು. 12,800 ಹಳೆಯದಕ್ಕೆ ಹೋಯಿತು. ಮಿಕ್ಕುದರಲ್ಲಿ ಒಂದೇ ಸುರುಳಿ, ಅದನ್ನು ಜನರಿಗೆ ಮಾತ್ರ ಬಳಸತಕ್ಕದ್ದೆಂದು ಕರಾರು. ಕಿರಿಯನೂ ಒಪ್ಪಿದನು, ಸ್ವಲ್ಪ ಮುಖ ಊದಿಸಿಕೊಂಡು.

ಮನೆಯಲ್ಲಿ ಸ್ಲೈಡುಗಳಿರುವ ಓದುಗರಿಗೆ ಕೆಲವು ಮಾತು. ತಗಡಿನ ಮಾಡಿನ ಕೆಳಗಿನ ಅಟ್ಟದಿಂದ ಅವನ್ನು ಮೊದಲು ಇಳಿಸಿರಿ. ಬಣ್ಣವನ್ನು ತಿನ್ನುವುದು ಬಿಸಿ. ಬೀರುವಿನ ಕೆಳಗಿನ ಅರೆ ಮೇಲು. ಒದ್ದೆ ಬಟ್ಟೆಯಿಂದ ಎಂದೂ ಒರೆಸಬಾರದು, ಗಾಳಿ ಊದುವ ರಬ್ಬರಿನ ಬುರುಡೆಯಿಂದ ದೂಳು ಹಾರಿಸಿದರೆ ಸಾಕು. ಮೆತ್ತನೆಯ ಪಿ.ವಿ.ಸಿ. ಹಾಳೆಗಳಲ್ಲಿ ಇಟ್ಟಿದ್ದರೆ ತೆಗೆದುಬಿಡಿ. ಬಿಳಿಯ ಬೆಳಕಿನ ಹಲಗೆಯ ಮೇಲಿಟ್ಟು ಒಳ್ಳೆಯ ಕ್ಯಾಮೆರಾದಿಂದ ಹತ್ತಿರದಲ್ಲಿ ತೆಗೆದರೂ ಪ್ರತಿ ಚೆನ್ನಾಗಿಯೇ ಬರುತ್ತದೆ. ಆ ಪ್ರತಿಯನ್ನು ಎರಡು ಮೂರು ಕಡೆ ಇಡಬೇಕು, ಮೂಲವನ್ನು ಎಸೆಯಬಾರದು. ಎಲ್ಲಕ್ಕಿಂತ ಮೊದಲು, ಗುರುತು ಹಿಡಿಯುವ ಹಿರಿಯರು ಇರುವಾಗಲೇ ಚೌಕಟ್ಟಿನ ಮೇಲೆ ಪೆನ್ಸಿಲಿನಿಂದ ಹೆಸರು ಬರೆದುಕೊಳ್ಳಿರಿ. ನಮ್ಮ ಹದಿನಾಲ್ಕರಲ್ಲಿ ಐದು ಮನೆಗಳು ಯಾವುವೆಂದು ಮೇಷ್ಟ್ರಿಗೂ ನೆನಪಿಲ್ಲ.

ಹೊಸದಾಗಿ ತೆಗೆಯಲೇಬೇಕೆನ್ನುವವರು ಹೊರಗಿನ ಬೆಳಕನ್ನು ನಂಬಬಹುದು. ತಿಳಿಯಾದ ಬಿಸಿಲಿನಲ್ಲಿ ನೂರು ವೇಗದ ಫಿಲ್ಮಿಗೆ ರಂಧ್ರ 16, ವೇಗ ಸೆಕೆಂಡಿನ ನೂರಿಪ್ಪತ್ತೈದನೆಯ ಒಂದು ಪಾಲು ಎಂಬುದು ಹಳೆಯ ಸೂತ್ರ. ಮೂರು ಮೂರು ತೆಗೆಯಬೇಕಾದ ಅವಶ್ಯಕತೆಯಿಲ್ಲ, ಒಂದೇ ಸಾಕು. ಬಿಸಿಲಿಗೆ ನಮ್ಮ ಸೀಮೆಯಲ್ಲಿ ಬೆಲೆಯೇರಿಲ್ಲ.

ನಮ್ಮ ಸುರುಳಿಯನ್ನು ಡಿಸೆಂಬರಿನಲ್ಲಿ ಲೇಪಾಕ್ಷಿಯಲ್ಲಿಯೇ ತೆಗೆದೆವು, ಮಾಳಿಗೆಯ ಕೆಳಗಲ್ಲ, ಹೊರಗಿನ ಬೆಳಗಿನ ಬಿಸಿಲಿನಲ್ಲಿ, ಬಂದ ಮನೆಗಳವರನ್ನು ಒಬ್ಬೊಬ್ಬರಾಗಿ ನಿಲ್ಲಿಸಿ. ಮೂವತ್ತಾರು ಮುಗಿಯಿತು. ‘ಕೊಸರು ಉಳಿಸಿದೀಯೇನಪ್ಪ?’ ಎಂದು ಮೇಷ್ಟ್ರು ಕೇಳಿದರು. ಕತ್ತಲ ಕೋಣೆಯಲ್ಲಿ ತೊಡಿಸಿದ ಸುರುಳಿ, ಉಳಿದಿತ್ತು. ಅದು ತಮಗೇ ಎಂದಾಗ ಅವರು ಒಪ್ಪಲಿಲ್ಲ. ನಮ್ಮ 640ರಲ್ಲಿ ಅವರ ಚಿತ್ರ ಒಂದೂ ಇಲ್ಲವೆಂದು ತಿಳಿಸಿ ಹೇಳಬೇಕಾಯಿತು. ಒಬ್ಬರೇ ನಿಲ್ಲಲಾರೆನೆಂದು, ನಮಗೆ ಅಂದು ಚಹಾ ಕೊಟ್ಟ ಅಂಗಡಿಯವನನ್ನು ಪಕ್ಕಕ್ಕೆ ಕರೆದು ನಿಲ್ಲಿಸಿಕೊಂಡರು.

ಸ್ಲೈಡುಗಳು ಐದು ವಾರದ ಮೇಲೆ ಬಂದವು. ಮೂವತ್ತಾರೂ ಸರಿಯಾಗಿವೆ. ಮೂವತ್ತೇಳನೆಯದನ್ನು ತೊಳೆಯುವಾಗ ಕ್ಲಿಪ್ಪು ಹಿಡಿದ ಜಾಗವಾದುದರಿಂದ ಅರ್ಧ ಮಾತ್ರ ಉಳಿದಿದೆ. ಚಹಾದವನು ಪೂರ್ತಿಯಾಗಿ ಬಂದಿದ್ದಾನೆ. ಮೇಷ್ಟ್ರ ಭುಜವೂ ಛತ್ರಿ ಹಿಡಿದ ಎಡಗೈಯೂ ಬಂದಿವೆ. ಅದನ್ನೂ ಚೌಕಟ್ಟಿಗೆ ಹಾಕಿ, ಅಂಚಿನಲ್ಲಿ ಇಬ್ಬರ ಹೆಸರನ್ನೂ ಪೆನ್ಸಿಲಿನಿಂದ ಬರೆದಿಟ್ಟಿದ್ದೇವೆ.